ಮಂಗಳೂರಿನಲ್ಲಿ ಎರಡು ದಿನ

ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದುಗೂಡಿ ಪಶ್ಚಿಮ ಸಮುದ್ರವನ್ನು ಸೇರುವೆಡೆಯಲ್ಲಿ ಮಂಗಳೂರು ನೆಲಸಿದೆ. ಮಂಗಳಾದೇವಿಯಿಂದ ಈ ಹೆಸರು ಬಂದಿತೆಂದು ಸ್ಥಳದವರು ಹೇಳುವರು. ತುಳುವರು ಮಾತ್ರ ತಮ್ಮೊಳಗೆ ಇದನ್ನು ಕುಡ್ಲವೆಂದೇ ಕರೆಯುವರು; ನದಿಗಳ ಕೂಡಲನ್ನು ಕಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮಿತ್ರರೊಬ್ಬರ ಸಂಗಡ ನಾವು ಈಚೆಗೆ ಈ ಪಟ್ಟಣಕ್ಕೆ ಹೋಗಿದ್ದೆವು.

ಮೊದಲು ನೋಡಿದ್ದು ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರುಗಳ ಹಡಗುಗಳು ಗುರುಪುರ ಹೊಳೆಯನ್ನು ಹೊಗದಂತೆ ತಡೆಯಲು ಟಿಪ್ಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಇದು. ಕೋಟೆಯೆಂದು ಕೇಳಿ ಬಂದವರು ಇದರ ಅಲ್ಪಾಕಾರವನ್ನು ಕಂಡು ನಿರಾಶರಾಗಬಹುದು. ಮೇಲೇರಿ ಹೊಳೆಯನ್ನು ನೋಡಿದರೆ ಸ್ಥಳವನ್ನಾರಿಸಿದವನ ಜಾಣ್ಮೆ ತಿಳಿಯುವುದು. ಅಲ್ಲಿಂದ ಬಾವುಟಗುಡ್ಡೆಗೆ ಬಂದೆವು. 1837ರ ಏಪ್ರಿಲ್ 5ರಂದು ಅಮರ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಇಲ್ಲಿ ಆಂಗ್ಲರ ಬಾವುಟವನ್ನಿಳಿಸಿ, 13 ದಿನ ಪಟ್ಟಣವನ್ನು ತಮ್ಮ ವಶದಲ್ಲಿಟ್ಟುಕೊಂಡಿದ್ದರು. ಸಮೀಪದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿಯು 1899ರಿಂದ 1901ರವರೆಗೆ ಬರೆದ ಚಿತ್ರಗಳು ಗೋಡೆ ಮಾಳಿಗೆಗಳನ್ನೆಲ್ಲ ತುಂಬಿವೆ. ಕತ್ತು ನೋಯುವ ತನಕ ನೋಡಿದೆವು.

ಕನ್ನಡ ಕಲಿಸಿ ಬಾಳಿದವರಿಗೆ ಈ ಊರಿನ ಋಣವು ಬೇರೆಯೇ ಇದೆ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಅಚ್ಚುಕೂಟವನ್ನಿಟ್ಟರು. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ' ಹೊರಟಿತು. ಕಿಟ್ಟೆಲರ ಮಹಾಕೋಶವು 1894ರಲ್ಲಿ ಪ್ರಕಟವಾದುದೂ ಇಲ್ಲಿಯೇ. ಪಾಠಶಾಲೆಯಲ್ಲಿದ್ದಷ್ಟು ಕಾಲವೂ ನಾವು ಆ ಕೋಶವನ್ನು ಬಿಟ್ಟವರಲ್ಲ.

ಮರುದಿನ ಕದ್ರಿಗೆ ಹೋದೆವು. ಮಂಜುನಾಥನ ದರ್ಶನವಾದ ಮೇಲೆ, ದೇವಾಲಯದಲ್ಲಿಯೇ ಇರುವ ಲೋಕೇಶ್ವರನ ಕಂಚಿನ ಮೂರ್ತಿಯೆದುರು ನಿಂತೆವು. ಮೂರು ಮುಖ, ಆರು ಕೈ, ಕುಳಿತ ಭಂಗಿ. ಕಂಚಿನಲ್ಲಿ ಇಷ್ಟು ಶಾಂತಿಯನ್ನು ಎರೆದ ಶಿಲ್ಪಿಯ ಹೆಸರು ಉಳಿದಿಲ್ಲವಲ್ಲಾ ಎಂದು ಮನಸ್ಸು ಮರುಗಿತು. ಇವನು ಬೌದ್ಧರ ಅವಲೋಕಿತೇಶ್ವರನೆಂದು ನಾವು ಹೇಳಿದೊಡನೆ ಮಿತ್ರರ ಜೋಡಿಸಿದ ಕೈಗಳು ಸಡಿಲವಾದವು. ಅವರು ನೇಮನಿಷ್ಠೆಯ ಶಿವಭಕ್ತರು.

"ಮೇಷ್ಟ್ರೇ, ನಾಲ್ಕನೆಯ ಮುಖವು ಹಿಂದುಗಡೆ ಇರಬೇಕು. ಇವನು ಬ್ರಹ್ಮನೇ ಸರಿ," ಎಂದರು.

ಪೀಠದ ಸಂಸ್ಕೃತ ಶಾಸನದ ಪಾಠವನ್ನು ನಾವು ಮೊದಲೇ ಬರೆದುಕೊಂಡು ಹೋಗಿದ್ದೆವು. ಅದನ್ನು ಓದಿ ಅರ್ಥ ಹೇಳಿದೆವು. ಕಲಿಯುಗದಲ್ಲಿ ನಾಲ್ಕು ಸಾವಿರ ವರುಷ ಕಳೆದು ಮತ್ತೆ ಅರುವತ್ತೆಂಟು ಸಂದಾಗ, ಎಂದರೆ ಕ್ರಿ. ಶ. 968ರಲ್ಲಿ, ಆಳುಪ ರಾಜನಾದ ಕುಂದವರ್ಮನು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನು. ಆ ರಾಜನಾದರೋ ಚಂದ್ರಶೇಖರನ ಪಾದಭಕ್ತನು! ಶಿವನನ್ನು ಬಿಡದೆಯೇ ವಿಹಾರದಲ್ಲಿ ಬೋಧಿಸತ್ತ್ವನನ್ನಿರಿಸಲು ಅವನಿಗೆ ಅಡ್ಡಿ ತೋರಲಿಲ್ಲ. ಮೂರ್ತಿಯು ನಮ್ಮದೋ ಪರರದೋ ಎಂದು ಜಗಳವಾಡುವ ಪಂಡಿತರು ಪೀಠವನ್ನು ಓದಿದ್ದರೆ ಎಷ್ಟೋ ಕಾಗದ ಉಳಿಯುತ್ತಿತ್ತು.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು.

"ರಾಜನಿಗಿಲ್ಲದ ಮಡಿ ನನಗೇಕೆ?" ಎಂದು ಕೈ ಮುಗಿದರು. ಹೊರಗೆ ಬಂದ ಮೇಲೆ ಮಾತ್ರ, "ಆದರೂ ಬ್ರಹ್ಮನೇ ಇರಬೇಕು" ಎಂದರು.

ಗೋಮುಖದ ನೀರು ತುಂಬುವ ಕೆರೆಗಳನ್ನು ನೋಡಿ, ಮೆಟ್ಟಿಲೇರಿ ನಾಥಪಂಥದ ಜೋಗಿಮಠಕ್ಕೆ ಹೋಗಬಹುದು. ಹನ್ನೆರಡು ವರ್ಷಗಳಿಗೊಮ್ಮೆ ಈ ಮಠಕ್ಕೆ ಹೊಸ ಅಧಿಪತಿಯು ನಾಸಿಕದ ತ್ರ್ಯಂಬಕದಿಂದ ಕಾಲ್ನಡೆಯಲ್ಲಿ ಬರುವನು. ಮಕ್ಕಳೊಡನೆ ಹೋಗುವವರು ಬಿಸಿಲೇರುವ ಮುನ್ನವೇ ಗುಡ್ಡವನ್ನು ಹತ್ತುವುದು ಒಳ್ಳೆಯದು. ಕರಾವಳಿಯ ಸೆಕೆಯು ಘಟ್ಟದ ಮೇಲಿನವರನ್ನು ಬೇಗನೆ ದಣಿಸುವುದು.