ಒಂದು ಮನೆ, ನಾಲ್ಕು ಬೆಲೆ

ಬೆಂಗಳೂರಿನ ಒಂದೊಂದು ಮನೆಗೂ ನಾಲ್ಕು ಬೆಲೆ ಇರ್ತವೆ. ಜಾಹೀರಾತಿನಲ್ಲಿ ಹೇಳೋ ಬೆಲೆ ಒಂದು. ಚೌಕಾಸಿ ಎಲ್ಲ ಮುಗಿದ ಮೇಲೆ ಕೊಳ್ಳುವವರು ನಿಜವಾಗಿ ಕೊಡೋ ಬೆಲೆ ಇನ್ನೊಂದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರದ ಮೇಲೆ ಬರೆಸೋ ಬೆಲೆ ಮೂರನೆಯದು. ಇನ್ನು ಇದಕ್ಕಿಂತ ಕಡಿಮೆ ಲೆಕ್ಕದಲ್ಲಿ ಶುಲ್ಕ ಕಟ್ಟಿಸಿಕೊಳ್ಳಲ್ಲ ಅಂತ ಸರ್ಕಾರ ಗೊತ್ತು ಮಾಡಿರೋ ಮಾರ್ಗಸೂಚಿ ಬೆಲೆ, ಅಂದರೆ ಎಲ್ಲರ ಬಾಯಲ್ಲಿ ಗೈಡೆನ್ಸ್ ವ್ಯಾಲ್ಯೂ ಆಗಿರೋದು, ನಾಲ್ಕನೆಯದು. 'ಕೆಂಗೇರಿ ಕಡೆ ರೇಟ್ ಎಷ್ಟಿದೆ?' ಅಂತ ಯಾರಾದರೂ ಕೇಳಿದರೆ 'ಯಾವ ರೇಟು?' ಅಂತ ತಿರುಗಿ ಕೇಳೋದೇ ಸರಿಯಾದ ಉತ್ತರ.

ನಾನು ಇದನ್ನೆಲ್ಲ ತಲೆಗೆ ಹಚ್ಚಿಕೊಂಡಿದ್ದಕ್ಕೆ ಕಾರಣ ಅಪ್ಪ. ಅಮ್ಮ ಹೋಗಿ ಎರಡು ವರ್ಷ ಆಯ್ತು. ಅಪ್ಪ ಹಾಸನದ ಹತ್ತಿರದ ನಮ್ಮೂರಲ್ಲಿ ಒಬ್ಬರೇ ಇದ್ದರು. ಪ್ರೈಮರಿ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಮಾರತಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬನ್ನಿ ಅಂದರೆ ಒಪ್ಪುತ್ತಿರಲಿಲ್ಲ. 'ಓನರ್ರು ಖಾಲಿ ಮಾಡಿ ಅಂದ್ರೆ ಈ ವಯಸ್ಸಲ್ಲಿ ನಾನೂ ಗಂಟುಮೂಟೆ ಕಟ್ಬೇಕೇನೇ?' ಅನ್ನೋರು. ಸ್ವಂತ ಮನೆ ಆದರೆ ಬರ್ತೀನಿ, ನನ್ನ ಹತ್ರ ಇರೋ 22 ಲಕ್ಷ ಅದಕ್ಕೇ ಹಾಕ್ತೀನಿ ಅಂದರು. ಅದು ಅವರ ಗ್ರಾಚ್ಯುಟಿ, ಠೇವಣಿ ಎಲ್ಲ ಸೇರಿ, ಅಂದರೆ ಅವರ ಹತ್ರ ಇದ್ದದ್ದು ಅಷ್ಟೂ. ನಮ್ಮ ಉಳಿತಾಯ 14 ಲಕ್ಷ. ಸಾಲ 60 ಲಕ್ಷ ದಾಟಬಾರದು ಅಂತ ನಾನೂ ನನ್ನ ಗಂಡನೂ ಗೆರೆ ಎಳೆದುಕೊಂಡೆವು. ಎರಡು ಬೆಡ್‌ರೂಮಿನ ಫ್ಲ್ಯಾಟು, ಊರಿನ ಯಾವ ದಿಕ್ಕಾದರೂ ಸರಿ. ಹನ್ನೊಂದು ತಿಂಗಳು ಶನಿವಾರ-ಭಾನುವಾರ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಯಲಹಂಕ, ಕೆಂಗೇರಿ ಅಂತ ಸುತ್ತಿದ್ದೇ ಸುತ್ತಿದ್ದು. ನೋಡಿದ್ದನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕ್ತಾ ಹೋದೆ.

ಮೊದಲು ಗೊತ್ತಾಗೋ ವಿಷಯ, ಚದರಡಿ ರೇಟನ್ನ ಹಾಗೇ ಹೋಲಿಸೋಕೆ ಬರಲ್ಲ ಅನ್ನೋದು. ಏಜೆಂಟರು ಹೇಳೋ ರೇಟು ಸೂಪರ್ ಬಿಲ್ಟ್ ಅಪ್ ಲೆಕ್ಕದ್ದು. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್ ಹೌಸು ಎಲ್ಲದರ ಪಾಲೂ ಸೇರಿರುತ್ತೆ. ನೀವು ಮಂಚ ಹಾಕಿ, ಕಸ ಗುಡಿಸೋ ಜಾಗಕ್ಕೆ ಕಾರ್ಪೆಟ್ ಏರಿಯಾ ಅಂತಾರೆ. 2016ರ ರೇರಾ ಕಾಯ್ದೆ ಇದನ್ನ ಸ್ಪಷ್ಟವಾಗಿ ಹೇಳಿದೆ: ಮನೆಯೊಳಗಿನ ಗೋಡೆಗಳು ಲೆಕ್ಕಕ್ಕೆ ಬರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಬರಲ್ಲ. ಹೊಸ ಪ್ರಾಜೆಕ್ಟುಗಳು ಕಾರ್ಪೆಟ್ ಏರಿಯಾ ತಿಳಿಸಲೇಬೇಕು. ತಿಳಿಸ್ತಾರೆ ಕೂಡ, ಬ್ರೋಷರಿನ ಕೊನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ನಾನು ನೋಡಿದ ಎರಡು ಫ್ಲ್ಯಾಟುಗಳನ್ನೇ ತಗೊಳ್ಳಿ. ಮೈಸೂರು ರಸ್ತೆ ಕಡೆಯದ್ದು 1,200 ಚದರಡಿ, ಹೇಳಿದ ರೇಟು 7,500. ಒಟ್ಟು 90 ಲಕ್ಷ. ಯಲಹಂಕದ್ದು 1,150 ಚದರಡಿ, ರೇಟು 8,200. ಒಟ್ಟು 94 ಲಕ್ಷದ 30 ಸಾವಿರ. ಯಾರಿಗೇ ತೋರಿಸಿದರೂ ಯಲಹಂಕ ದುಬಾರಿ ಅಂತಾರೆ. ಆದರೆ ಮೈಸೂರು ರಸ್ತೆಯ ಮನೆಯ ಕಾರ್ಪೆಟ್ ಏರಿಯಾ 780 ಚದರಡಿ, ಯಲಹಂಕದ್ದು 860. ಭಾಗಿಸಿ ನೋಡಿ. ಮೊದಲನೆಯದು ಚದರಡಿಗೆ ಹನ್ನೊಂದೂವರೆ ಸಾವಿರ, ಎರಡನೆಯದು ಹನ್ನೊಂದು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಅಗ್ಗ ಅನ್ನಿಸಿದ ಏರಿಯಾ ದುಬಾರಿಯಾಯ್ತು, ಅದೂ ಒಂದೇ ಒಂದು ಭಾಗಾಕಾರದಲ್ಲಿ.

ಇದರ ಮೇಲೆ ನೋಂದಣಿ ಖರ್ಚು. 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1 ಇದ್ದದ್ದು 2 ಆಯ್ತು. ನಗರದೊಳಗೆ ಎಲ್ಲ ಸೇರಿ ಶೇ. 7.6. ತೊಂಬತ್ತು ಲಕ್ಷದ ಮನೆಗೆ 6 ಲಕ್ಷದ 84 ಸಾವಿರ. ಬ್ಯಾಂಕಿನವರು ಇದಕ್ಕೆ ಸಾಲ ಕೊಡಲ್ಲ, ಕೈಯಿಂದಲೇ ಹಾಕಬೇಕು. ಕಟ್ಟುತ್ತಿರೋ ಮನೆಯಾದರೆ ಜಿಎಸ್‌ಟಿ ಶೇ. 5 ಬೇರೆ. ಓಸಿ ಬಂದ ಮನೆಗೆ ಅದು ಇಲ್ಲ. ಹಾಗಾಗಿ ಕಟ್ಟುತ್ತಿರೋ ಫ್ಲ್ಯಾಟಿನ ಬೆಲೆಯನ್ನ ಪಕ್ಕದ ಹಳೇ ಫ್ಲ್ಯಾಟಿನ ಬೆಲೆಗೆ ಹೋಲಿಸೋವಾಗ ಮೊದಲು ಈ ಐದು ಸೇರಿಸಿಕೊಳ್ಳಿ.

ಆಮೇಲೆ ಬರೋದು ಭವಿಷ್ಯದ ಬೆಲೆ. ಉಪನಗರಗಳಲ್ಲಿ ಮನೆ ಮಾರೋರು ಇವತ್ತಿನ ರಸ್ತೆಯನ್ನ ತೋರಿಸಲ್ಲ, ನಾಳೆಯ ಮೆಟ್ರೋ ತೋರಿಸ್ತಾರೆ. ಕೆಂಗೇರಿಗೆ ಮೆಟ್ರೋ 2021ರ ಆಗಸ್ಟ್‌ನಲ್ಲಿ ಬಂತು. ವೈಟ್‌ಫೀಲ್ಡ್‌ಗೆ 2023ರ ಮಾರ್ಚ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಡುವಿನ ತುಂಡೂ ಸೇರಿ ಎರಡೂ ತುದಿ ಒಂದಾದವು. ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯ್ತು. ಹೆಬ್ಬಾಳ-ಸರ್ಜಾಪುರ ಮಾರ್ಗಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ಡಿಸೆಂಬರ್‌ನಲ್ಲಿ. ಆದರೆ ಸರ್ಜಾಪುರ ರಸ್ತೆಯ ಏಜೆಂಟ್ ಒಬ್ಬರು ನನಗೆ 'ಮೇಡಂ, ಸ್ಟೇಷನ್ ಇಲ್ಲೇ ಬರೋದು' ಅಂತ ಒಂದು ಟೀ ಅಂಗಡಿ ಕಡೆ ಕೈ ತೋರಿಸಿದರು. ಆ ಟೀ ಅಂಗಡಿಗೂ ನಾನು ಇಎಂಐ ಕಟ್ಟಬೇಕು ಅನ್ನೋದು ಅವರ ಮಾತಿನ ಅರ್ಥ. ಶೀಟಿನಲ್ಲಿ ಒಂದು ನಿಯಮ ಮಾಡಿಕೊಂಡೆ: ರೈಲು ಓಡುತ್ತಿದ್ದರೆ ಮಾತ್ರ ಲೆಕ್ಕಕ್ಕೆ.

ನೀರಿನ ಮಾತು ಬಂದರೆ ಏಜೆಂಟರ ದನಿ ಸ್ವಲ್ಪ ತಗ್ಗುತ್ತೆ. 2024ರ ಬೇಸಿಗೆ ನಿಮಗೆ ನೆನಪಿರಬಹುದು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯ್ತು. 5 ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ ಸಾವಿರ ರೂಪಾಯಿ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತ ಬಂದಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಹಾಗಾಗಿ ರೀಸೇಲ್ ಮನೆ ನೋಡೋಕೆ ಹೋದಾಗ ಅಸೋಸಿಯೇಷನ್‌ನವರ ಹತ್ರ ನಾನು ಕೇಳುತ್ತಿದ್ದದ್ದು ಒಂದೇ: '2024ರ ಏಪ್ರಿಲ್ ತಿಂಗಳ ಮೇಂಟೆನೆನ್ಸ್ ಬಿಲ್ ತೋರಿಸ್ತೀರಾ?' ಕೆಲವರು ನಗುತ್ತಾ ತೋರಿಸಿದರು. ಕೆಲವರಿಗೆ ಆ ತಿಂಗಳ ಬಿಲ್ಲೇ ಸಿಗಲಿಲ್ಲ. ಅದೂ ಒಂದು ಉತ್ತರವೇ ಅಲ್ಲವಾ?

ಇಂಥ ಖರ್ಚನ್ನ ಬೆಲೆಗೆ ಬದಲಾಯಿಸಿಕೊಳ್ಳೋದು ಸುಲಭ. ಶೇ. 8.5ರ ಬಡ್ಡಿಗೆ 20 ವರ್ಷದ ಸಾಲವಾದರೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಒಂದು ಮನೆಯಲ್ಲಿ ಟ್ಯಾಂಕರು, ಡೀಸೆಲ್ಲು, ಮೇಂಟೆನೆನ್ಸು ಅಂತ ಇನ್ನೊಂದಕ್ಕಿಂತ ತಿಂಗಳಿಗೆ 3 ಸಾವಿರ ಹೆಚ್ಚು ಬಿದ್ದರೆ, ಆ ಮನೆಯ ಬೆಲೆ ಮೂರೂವರೆ ಲಕ್ಷ ಹೆಚ್ಚು ಅಂತಲೇ ಲೆಕ್ಕ.

ಇಷ್ಟಾದರೂ ಎಲ್ಲ 'ಹೇಳೋ ಬೆಲೆ'ಯ ಸುತ್ತಲೇ ಆಯ್ತು. ನಿಜವಾಗಿ ಎಷ್ಟಕ್ಕೆ ಮಾರಾಟ ಆಗ್ತಿದೆ? ಇದಕ್ಕೆ ದಾರಿ ಇದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿ ಪತ್ರಗಳ ದಾಖಲೆಯನ್ನ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆದರೆ ಆ ಆಸ್ತಿ ಯಾವಾಗ, ಎಷ್ಟಕ್ಕೆ ಕೈ ಬದಲಾಯಿತು ಅಂತ ಸಾಲು ಸಾಲಾಗಿ ಬರುತ್ತೆ. ಒಂದೇ ಅಪಾರ್ಟ್‌ಮೆಂಟಿನ ನಾಲ್ಕೈದು ಮಾರಾಟ ಸಿಕ್ಕಿದರೂ ಸಾಕು, ಜಾಹೀರಾತಿನ ಅರ್ಧ ಗಾಳಿ ಇಳಿದುಹೋಗುತ್ತೆ.

ಆದರೆ ಇಲ್ಲೂ ಒಂದು ಗಂಟಿದೆ. ಪತ್ರದಲ್ಲಿರೋದು ಪತ್ರದ ಬೆಲೆ. ಗೈಡೆನ್ಸ್ ವ್ಯಾಲ್ಯೂಗೆ ಸರಿಯಾಗಿ ಅಷ್ಟನ್ನೇ ಬರೆಸಿ ಮಿಕ್ಕಿದ್ದನ್ನ ನಗದಾಗಿ ಕೈ ಬದಲಾಯಿಸೋದು ಈ ಊರಿನ ಹಳೇ ರೂಢಿ. ಆಗ ಕಣ್ಣು ಹಾಯಿಸಬೇಕಾದ್ದು ಅದರ ಮುಂದಿನ ಸಾಲಿನ ಮೇಲೆ. ಕೊಂಡವರು ಬ್ಯಾಂಕಿಗೆ ಅಡಮಾನ ಮಾಡಿದ್ದರೆ ಸಾಲದ ಮೊತ್ತ ಅಲ್ಲಿರುತ್ತೆ. 30 ಲಕ್ಷದಿಂದ 75 ಲಕ್ಷದವರೆಗಿನ ಮನೆ ಸಾಲ ಬೆಲೆಯ ಶೇ. 80 ದಾಟಬಾರದು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. 64 ಲಕ್ಷ ಸಾಲ ಇದೆ ಅಂದರೆ ಬ್ಯಾಂಕು ಆ ಮನೆಗೆ 80 ಲಕ್ಷಕ್ಕಿಂತ ಕಡಿಮೆ ಬೆಲೆ ಕಟ್ಟಿರಲ್ಲ. ಸಂಬಳದವರು ಸಾಲ ಮಾಡಿ ಕೊಂಡ ಮನೆಗಳ ಪತ್ರದಲ್ಲೇ ನಿಜಕ್ಕೆ ಹತ್ತಿರದ ಬೆಲೆ ಸಿಗುತ್ತೆ. ನನ್ನ ಹೋಲಿಕೆಗೆ ಅವನ್ನ ಮಾತ್ರ ಇಟ್ಟುಕೊಂಡೆ.

ಒಂದು ಸಲ ಅಪ್ಪನನ್ನೂ ಕರೆದುಕೊಂಡು ಹೋದೆವು. ಅಪ್ಪ ಬೆಲೆ ಕೇಳಿದ್ದು ಗುಂಟೆ ಲೆಕ್ಕದಲ್ಲಿ! 1,089 ಚದರಡಿಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೂವತ್ತು-ನಲವತ್ತರ ಸೈಟು ಅಂದರೆ ಒಂದು ಗುಂಟೆಗಿಂತ ಚೂರು ಜಾಸ್ತಿ. 'ಈ ಜಮೀನು ಮಾರಿದವನು ಗುಂಟೆ ಲೆಕ್ಕದಲ್ಲಿ ತಗೊಂಡ, ನೀವು ಅಡಿ ಲೆಕ್ಕದಲ್ಲಿ ಕೊಡ್ತಿದ್ದೀರಿ' ಅಂದರು. ಊರು ನಗರ ಆಗೋದು ಅಲ್ಲೇ ಇರಬೇಕು, ಅಳತೆ ಬದಲಾಗೋ ಕಡೆ.

ಆಮೇಲೆ ಅವರು ಫ್ಲ್ಯಾಟಿನ ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗೇಟಿನ ಹೊರಗೆ ಹೋಗಿ ನಡೆದರು. ಆ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಹಾಲು, ಪೇಪರು, ಮಾತ್ರೆ ಎಲ್ಲಕ್ಕೂ ಆ್ಯಪ್ ಇದೆ ಅಂತ ಸೇಲ್ಸ್ ಹುಡುಗ ವಿವರಿಸುತ್ತಿದ್ದ. ಅಪ್ಪ ವಾಪಸ್ ಬಂದು ನನಗೆ ಮಾತ್ರ ಕೇಳೋ ಹಾಗೆ ಹೇಳಿದರು: 'ಇಲ್ಲಿ ನಾನು ನಿನ್ನ ಕೇಳದೆ ಎಲ್ಲಿಗೂ ಹೋಗೋಕಾಗಲ್ಲ ಪುಟ್ಟಿ.'

ಆ ರಾತ್ರಿ ಶೀಟಿಗೆ ಒಂದು ಕಾಲಂ ಸೇರಿಸಿದೆ. 'ಅಪ್ಪ ಒಬ್ಬರೇ ನಡೆದು ಹೋಗಬಹುದಾದ ಜಾಗಗಳು.' ಮೆಡಿಕಲ್ ಶಾಪು, ಪಾರ್ಕು, ಬಸ್ ಸ್ಟಾಪು, ಪೇಪರ್ ಅಂಗಡಿ, ಒಂದು ಕಾಫಿ ಹೋಟೆಲು. ಹೊಸ ರಸ್ತೆಗಳ ದೊಡ್ಡ ದೊಡ್ಡ ಗೇಟೆಡ್ ಕಮ್ಯುನಿಟಿಗಳಿಗೆ ಅಲ್ಲಿ ಸೊನ್ನೆ ಬಿತ್ತು. ಕರ್ನಾಟಕ ಗೃಹಮಂಡಳಿ ಬೆಳೆಸಿದ ಹಳೇ ಬಡಾವಣೆಗಳು, ಅಂದರೆ ಯಲಹಂಕ ಉಪನಗರ ಮತ್ತು ಕೆಂಗೇರಿ ಉಪನಗರ, ಮೇಲೆ ಬಂದವು. ಈಜುಕೊಳಕ್ಕೆ ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟುವ ಮಾರುಕಟ್ಟೆ, ಮರದ ನೆರಳಿನ ಫುಟ್‌ಪಾತಿಗೆ ಅಷ್ಟಾಗಿ ಬೆಲೆ ಕಟ್ಟಿದ ಹಾಗೆ ಕಾಣಲಿಲ್ಲ. ನಮ್ಮಂಥವರಿಗೆ ಅದು ಒಳ್ಳೇದೇ ಆಯ್ತು.

ಕೊನೆಗೆ ಒಪ್ಪಿಗೆಯಾಗಿದ್ದು ಕೆಂಗೇರಿ ಉಪನಗರದಲ್ಲಿ 12 ವರ್ಷ ಹಳೇದಾದ ಒಂದು ಫ್ಲ್ಯಾಟು. ಕಾರ್ಪೆಟ್ ಏರಿಯಾ 850, ಬೆಲೆ 84 ಲಕ್ಷ. ಚದರಡಿಗೆ ಹತ್ತು ಸಾವಿರಕ್ಕಿಂತ ಒಂಚೂರು ಕಡಿಮೆ. ಕ್ಲಬ್ ಹೌಸ್ ಇಲ್ಲ. ವಾರಕ್ಕೆ ಮೂರು ದಿನ ನಾನು ಮೆಟ್ರೋದ ಹೆಚ್ಚೂಕಡಿಮೆ ಈ ತುದಿಯಿಂದ ಆ ತುದಿಗೆ, ವೈಟ್‌ಫೀಲ್ಡ್‌ಗೆ ಹೋಗಬೇಕು. ಒಂದು ಸಲಕ್ಕೆ ಒಂದೂಕಾಲು ಗಂಟೆಗೂ ಮೇಲೆ. ಅದನ್ನ ರೂಪಾಯಿಗೆ ಬದಲಾಯಿಸೋ ಸೂತ್ರ ನನ್ನ ಹತ್ರ ಇಲ್ಲ. ಬದಲಿಗೆ ಸೀಟು ಸಿಗೋ ಹೊತ್ತಿಗೆ ಹೊರಡೋದನ್ನ ರೂಢಿ ಮಾಡ್ಕೋಬೇಕು.

ಎಲ್ಲ ಕೂಡಿಬಂತು ಅನ್ನೋವಾಗ ಮಾರುವವರು ಹೇಳಿದರು, 'ಹನ್ನೆರಡು ಲಕ್ಷ ಮಾತ್ರ ಕ್ಯಾಶ್ ಕೊಟ್ಬಿಡಿ, ಪತ್ರ ಎಪ್ಪತ್ತೆರಡಕ್ಕೆ ಮಾಡಿಸೋಣ, ನಿಮಗೂ ಉಳಿಯುತ್ತೆ.' ಉಳಿಯೋದು ಎಷ್ಟು ಅಂತ ಅಲ್ಲೇ ಲೆಕ್ಕ ಹಾಕಿದೆ. 91,200 ರೂಪಾಯಿ. ನಮ್ಮಂಥವರಿಗೆ ಅದು ಸಣ್ಣ ಮೊತ್ತ ಅಲ್ಲ, ಎರಡು ಕಂತಿನ ಹತ್ತಿರ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ ಅನ್ನೋ ಕಾನೂನು 2015ರಿಂದಲೇ ಇದೆ. ಆದರೆ 'ಎಲ್ಲರೂ ಮಾಡ್ತಾರೆ' ಅನ್ನೋ ಮಾತಿನ ಮುಂದೆ ಕಾನೂನು ಹೇಳೋಕೆ ನಾಲಿಗೆ ಏಳಲ್ಲ. ನಾನೂ ನನ್ನ ಗಂಡನೂ ಮುಖ ಮುಖ ನೋಡ್ಕೊಂಡ್ವಿ. ಅಪ್ಪ ತಣ್ಣಗೆ ಹೇಳಿದರು: 'ಮೂವತ್ತೈದು ವರ್ಷ ತಿಂಗಳು ತಿಂಗಳು ಸಹಿ ಹಾಕಿ ತಗೊಂಡ ದುಡ್ಡು ಸ್ವಾಮಿ. ಈಗ ಚೀಲದಲ್ಲಿ ತುಂಬ್ಕೊಂಡು ಕದ್ದು ಕೊಡೋಕೆ ನನ್ನಿಂದಾಗಲ್ಲ.'

ಮೂರು ವಾರ ಫೋನ್ ಬರಲಿಲ್ಲ. ಮನೆ ಕೈಬಿಟ್ಟಿತು ಅಂದ್ಕೊಂಡು ಯಲಹಂಕದ ಕಡೆ ಮತ್ತೆ ಓಡಾಡೋಕೆ ಶುರು ಮಾಡಿದ್ದೆವು. ಅಷ್ಟರಲ್ಲಿ ಅವರೇ ಕರೆದರು. ನೋಡಿಕೊಂಡು ಹೋದ ಬೇರೆಯವರೂ ಸಾಲ ಮಾಡುವವರೇ, ಅವರಿಗೂ ಪೂರ್ತಿ ಬ್ಯಾಂಕ್ ಮೂಲಕವೇ ಆಗಬೇಕಂತೆ. 84 ಲಕ್ಷಕ್ಕೇ ಅಗ್ರಿಮೆಂಟ್ ಆಯ್ತು, ಒಂದು ಪೈಸೆಯೂ ನಗದಿಲ್ಲದೆ.

ಮುಂದಿನ ತಿಂಗಳು ನೋಂದಣಿ. ಇನ್ನು ಮೂರು-ನಾಲ್ಕು ವರ್ಷಕ್ಕೆ ಯಾರಾದರೂ ಆ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳೋಕೆ ಬಂದು, ನನ್ನ ಹಾಗೇ ರಾತ್ರಿ ಕೂತು ಇಸಿ ತೆಗೆದು ನೋಡಬಹುದು. ಅವರಿಗೆ ನಮ್ಮ ಸಾಲಿನಲ್ಲಿ 84 ಲಕ್ಷ ಅಂತ ಸಿಗುತ್ತೆ. ಆ ಅಂಕಿಯನ್ನ ಅವರು ಧೈರ್ಯವಾಗಿ ತಮ್ಮ ಶೀಟಿಗೆ ಹಾಕಿಕೊಳ್ಳಬಹುದು.