ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ

ಅಮ್ಮನ ಬಾಯಲ್ಲಿ ಹತ್ತು ವರ್ಷದಿಂದ ಇದೊಂದೇ ಮಾತು. ಮಂಡಿ ನೋವು ಶುರುವಾದ ಮೇಲೆ ಎಲ್ಲಿಗೆ ಕರೆದುಕೊಂಡು ಹೋದರೂ ಒಂದು ಬೆಂಚು ಹುಡುಕಿ ಕೂತುಬಿಡುತ್ತಾಳೆ. ನಮ್ಮ ಬ್ಯಾಗು, ನೀರಿನ ಬಾಟಲಿ, ಮಗನ ಸ್ವೆಟರ್ ಎಲ್ಲ ಅವಳ ತೊಡೆ ಮೇಲೆ.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಕೆಆರ್‌ಎಸ್ ಬೃಂದಾವನಕ್ಕೆ ಹೋಗಿದ್ದೆವು. ಅಲ್ಲಿ ಹಂತಹಂತವಾಗಿ ಇಳಿಯುವ ತೋಟ, ಆಚೆ ದಡಕ್ಕೆ ಹೋದರೆ ಸಂಗೀತ ಕಾರಂಜಿ. ಮೆಟ್ಟಿಲು ನೋಡಿದ ತಕ್ಷಣ ಅಮ್ಮ ಬೆಂಚು ಹುಡುಕಿದಳು. ನಾವು ವಾಪಸ್ ಬಂದಾಗ ಎರಡು ಗಂಟೆ ಕಳೆದಿತ್ತು, ಕತ್ತಲಾಗಿತ್ತು. "ಕಾರಂಜಿ ಚೆನ್ನಾಗಿತ್ತಾ?" ಅಂದಳು. ಮಂಡ್ಯದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಕಾಲದಲ್ಲಿ ಎಷ್ಟೋ ಸಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದೇ ತೋಟ ತೋರಿಸಿದ್ದವಳು. ಆವತ್ತು ಆ ಪ್ರಶ್ನೆ ನನಗೆ ಚುಚ್ಚಲೂ ಇಲ್ಲ. ಅಷ್ಟು ಅಭ್ಯಾಸ ಆಗಿಹೋಗಿತ್ತು.

ಈ ಬೇಸಿಗೆಯಲ್ಲಿ ಅಮ್ಮ ಅಟ್ಲಾಂಟಾಕ್ಕೆ, ನಮ್ಮ ಮನೆಗೆ ಬಂದಳು. ಆರು ವರ್ಷದ ಮಗನಿಗೆ ಡಿಸ್ನಿ ವರ್ಲ್ಡ್ ತೋರಿಸುತ್ತೇವೆ ಅಂತ ಮಾತು ಕೊಟ್ಟಾಗಿತ್ತು. ಅಟ್ಲಾಂಟಾದಿಂದ ಒರ್ಲಾಂಡೊಗೆ ಕಾರಿನಲ್ಲಿ ಸುಮಾರು ಏಳು ಗಂಟೆ ದಾರಿ. "ನೀವು ಹೋಗಿ ಬನ್ನಿ, ನಾನು ಮನೇಲೇ..." ಅಮ್ಮ ಶುರು ಮಾಡಿದಳು. ಈ ಸಲ ನಾನು ಬಿಡಲಿಲ್ಲ. "ವೀಲ್‌ಚೇರ್ ತಗೊಳ್ಳೋಣ ಬಿಡಮ್ಮ" ಅಂದೆ.

ಅಷ್ಟೇ, ಮುಖ ಸಪ್ಪಗಾಯಿತು. "ನನ್ನ ಕಾಲು ಇನ್ನೂ ಇದಾವೆ ಕಣೇ."

"ಏರ್‌ಪೋರ್ಟಲ್ಲಿ ಕೂತ್ಕೊಂಡೇ ಬಂದ್ಯಲ್ಲ?"

"ಅದು ಬೇರೆ. ಅದು ದಾರಿ ಗೊತ್ತಿಲ್ಲದೋರಿಗೆ."

ವಿದೇಶದಲ್ಲಿ ಮಕ್ಕಳಿರುವ ಮನೆಯವರಿಗೆಲ್ಲ ಈ ಉಪಾಯ ಗೊತ್ತೇ ಇರುತ್ತದೆ. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿಬಿಟ್ಟರೆ ಇಮಿಗ್ರೇಷನ್, ವಿಮಾನ ಬದಲಾಯಿಸೋದು, ಬ್ಯಾಗ್ ಹುಡುಕೋದು ಯಾವುದಕ್ಕೂ ಅಪ್ಪ ಅಮ್ಮ ಪರದಾಡಬೇಕಿಲ್ಲ. ಅಲ್ಲಿ ಕುರ್ಚಿ ಅಂದರೆ ದಾರಿ ತೋರಿಸುವವನು. ತೀಮ್ ಪಾರ್ಕಿನಲ್ಲಿ ಕುರ್ಚಿ ಅಂದರೆ "ನನಗೆ ನಡೆಯಕ್ಕಾಗಲ್ಲ" ಅಂತ ಊರೆಲ್ಲ ಸಾರಿದ ಹಾಗೆ. ಅಮ್ಮನ ಲೆಕ್ಕ ಅದು.

ಕೊನೆಗೆ ರಾಜಿ ಆಯಿತು. ಕನ್ನಡ ಕೂಟದ ಗೆಳತಿಯೊಬ್ಬಳು ತನ್ನ ಅತ್ತೆಗೆ ಅಂತ ಕೊಂಡಿದ್ದ ಮಡಚುವ ವೀಲ್‌ಚೇರ್ ಕೊಟ್ಟಳು. "ಡಿಕ್ಕೀಲಿ ಇರ್ಲಿ, ಬೇಕಾದ್ರೆ ನೋಡೋಣ" ಅಂತ ಅಮ್ಮ ಒಪ್ಪಿದಳು.

ಮೊದಲ ದಿನ: ನೂಕುವವರ ಕೈಯಲ್ಲಿ

1971ರ ಅಕ್ಟೋಬರ್ 1ರಂದು ಶುರುವಾದ ಮ್ಯಾಜಿಕ್ ಕಿಂಗ್‌ಡಮ್ ಇಲ್ಲಿನ ನಾಲ್ಕು ದೊಡ್ಡ ಪಾರ್ಕುಗಳಲ್ಲಿ ಅತಿ ಹಳೆಯದು. ಕಾರು ನಿಲ್ಲಿಸಿದ ಕೂಡಲೇ ಪಾರ್ಕ್ ಸಿಗುವುದಿಲ್ಲ. ಪಾರ್ಕಿಂಗ್‌ನಿಂದ ನಿಲ್ದಾಣಕ್ಕೆ ಬರಬೇಕು, ಅಲ್ಲಿಂದ ಕೆರೆ ದಾಟಲು ಫೆರಿ ಅಥವಾ ಮೋನೊರೈಲು, ಆಮೇಲೆ ಗೇಟು. ನಿಲ್ದಾಣ ತಲುಪುವ ಹೊತ್ತಿಗೇ ಅಮ್ಮನ ಮಂಡಿ ಕೈಕೊಟ್ಟಿತು. ಏನೂ ಮಾತಾಡದೆ ಕುರ್ಚಿಯಲ್ಲಿ ಕೂತಳು.

ನನ್ನ ಗಂಡ ನೂಕಲು ಬಂದರೆ ತಟ್ಟನೆ ಎದ್ದುಬಿಟ್ಟಳು. ಅಳಿಯಂದಿರ ಕೈಲಿ ನೂಕಿಸಿಕೊಳ್ಳೋದಾ? ಸಾಧ್ಯವೇ ಇಲ್ಲ. ಹಾಗಾಗಿ ಇಡೀ ದಿನ ನಾನೇ ನೂಕಿದೆ.

ಅಲ್ಲಿ ಕುರ್ಚಿಗೆ ದಾರಿ ಇದೆಯೋ ಇಲ್ಲವೋ ಅಂತ ಯೋಚಿಸಬೇಕಾಗಿ ಬರಲಿಲ್ಲ. ಫೆರಿಗೆ ನೇರ ನೂಕಿಕೊಂಡು ಹೋಗಬಹುದು. ಮೋನೊರೈಲಿಗೆ ಸಿಬ್ಬಂದಿ ಬಂದು ಹಲಗೆಯಂಥ ರ‍್ಯಾಂಪ್ ಹಾಕುತ್ತಾರೆ. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಅನ್ನುವ ದೋಣಿ ಸವಾರಿಯಲ್ಲಿ ಕುರ್ಚಿ ಸಮೇತ ಹತ್ತುವ ದೋಣಿಯೇ ಇದೆ. ದೇಶದೇಶದ ಗೊಂಬೆಗಳು ಹಾಡುವುದನ್ನು ನೋಡಿ "ನಮ್ಮ ದಸರಾ ಗೊಂಬೆ ಕುಣಿಯೋಕೆ ಬಂದ್ರೆ ಹಿಂಗೇ" ಅಂದಳು ಅಮ್ಮ.

ದಿನ ಚೆನ್ನಾಗಿಯೇ ಹೋಯಿತು ಅಂದುಕೊಂಡೆ. ರಾತ್ರಿ ಹೋಟೆಲಿನಲ್ಲಿ ಫೋಟೊ ನೋಡುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅರ್ಧಕ್ಕರ್ಧ ಫೋಟೊಗಳಲ್ಲಿ ಅಮ್ಮ ಕತ್ತು ಹಿಂದಕ್ಕೆ ತಿರುಗಿಸಿದ್ದಾಳೆ. ಕ್ಯಾಮೆರಾ ಕಡೆ ಅಲ್ಲ, ಕೋಟೆಯ ಕಡೆಯೂ ಅಲ್ಲ. ನಾವು ದಾಟಿ ಬಂದ ಯಾವುದನ್ನೋ ನೋಡುತ್ತಿದ್ದಾಳೆ. ಹಳಿ ಮೇಲೆ ಗಾಡಿ ಎಳೆಯುವ ಕುದುರೆ. ಹೂವಿನ ಪಾತಿ. ಬಾವಿಯ ಹತ್ತಿರ ಕೂತಿದ್ದ ಮುದುಕ ದಂಪತಿ.

ಮಗನಿಗೆ ಮುಂದಿನ ರೈಡಿನ ಆತುರ, ನನಗೆ ಮೊಬೈಲ್ ಆ್ಯಪಿನಲ್ಲಿ ಕಾಣುವ ಕಾಯುವ ಸಮಯದ ಆತುರ. ಅವಳಿಗೆ ಎಲ್ಲಿ ನಿಲ್ಲಬೇಕು ಅನ್ನಿಸಿತು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಬೆನ್ನ ಹಿಂದೆ ನಿಂತು ನೂಕುವವರಿಗೆ ಕೂತವರ ಮುಖ ಕಾಣುವುದಿಲ್ಲ. ಬೃಂದಾವನದ ಬೆಂಚಿಗೆ ಚಕ್ರ ಹಾಕಿದ್ದೆ, ಅಷ್ಟೇ.

ಎರಡನೇ ದಿನ: ಲೂನಾ ಓಡಿಸಿದ ಕೈ

ಮರುದಿನ ಅನಿಮಲ್ ಕಿಂಗ್‌ಡಮ್. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಅಮ್ಮನನ್ನು ಕೇಳದೆ, ಬಾಡಿಗೆ ಕೌಂಟರಿನಲ್ಲಿ ಬ್ಯಾಟರಿ ಸ್ಕೂಟರ್ ತೆಗೆದುಕೊಂಡೆ. ಕೂರಲು ಸೀಟು, ಮುಂದೆ ಹ್ಯಾಂಡಲ್, ಬುಟ್ಟಿ. ವೇಗ ಹೊಂದಿಸುವ ಗುಂಡಿಯ ಒಂದು ಕಡೆ ಆಮೆ ಚಿತ್ರ, ಇನ್ನೊಂದು ಕಡೆ ಮೊಲ.

ಬೈಗುಳಕ್ಕೆ ರೆಡಿಯಾಗಿದ್ದೆ. ಅಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹ್ಯಾಂಡಲ್ ಮುಟ್ಟಿ ನೋಡಿದಳು. "ಬ್ರೇಕ್ ಎಲ್ಲಿ?"

"ಲಿವರ್ ಬಿಟ್ರೆ ತಾನೇ ನಿಲ್ಲುತ್ತಮ್ಮ."

"ಹನ್ನೆರಡು ವರ್ಷ ಲೂನಾ ಓಡಿಸಿದೀನಿ, ಮಣ್ ರಸ್ತೇಲಿ. ಇದೇನ್ ಮಹಾ?" ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟಳು. "ಒಂದ್ ನಿಂಬೆಹಣ್ಣು ಇಡ್ಬೇಕಿತ್ತು ಚಕ್ರಕ್ಕೆ" ಅಂತ ಬೇರೆ.

ನಿಂಬೆಹಣ್ಣು ಇಡದ ಫಲ ಹತ್ತೇ ನಿಮಿಷದಲ್ಲಿ ಸಿಕ್ಕಿತು. ರಿವರ್ಸ್ ತೆಗೆಯಲು ಹೋಗಿ ಕಸದ ಡಬ್ಬಕ್ಕೆ ಗುದ್ದಿದಳು. ಪಕ್ಕದಲ್ಲಿದ್ದವರು ನಕ್ಕರು, ಅಮ್ಮನೂ ನಕ್ಕಳು. ಆಮೇಲೆ ಆಮೆಯಿಂದ ಮೊಲದ ಕಡೆಗೆ ಗುಂಡಿ ತಿರುಗಿದ್ದು ನಾನೇ ನೋಡಿದೆ.

ಆ ಪಾರ್ಕಿನ ಏಷ್ಯಾ ಭಾಗದಲ್ಲಿ ಆನಂದಪುರ ಅನ್ನುವ ಕಾಲ್ಪನಿಕ ಊರು ಕಟ್ಟಿದ್ದಾರೆ. ಬಣ್ಣ ಕಿತ್ತುಹೋದ ಗೋಡೆ, ಹಳೇ ಬೋರ್ಡು, ಪಾಳುಬಿದ್ದ ಬೇಟೆ ಅರಮನೆ, ಅದರೊಳಗಿನ ಕಾಲುದಾರಿಯಲ್ಲಿ ಹುಲಿಗಳು. ಎಲ್ಲವನ್ನೂ ಬೇಕೆಂದೇ ಹಳೆಯದಾಗಿ ಕಾಣುವಂತೆ ಮಾಡಿದ್ದು. ಅಮ್ಮ ಒಂದು ಗೋಡೆಯ ಮುಂದೆ ಲಿವರ್ ಬಿಟ್ಟು ನಿಂತಳು. "ಇಷ್ಟು ದುಡ್ಡು ಖರ್ಚು ಮಾಡಿ ನಮ್ಮ ಹಳೇ ಬಸ್‌ಸ್ಟ್ಯಾಂಡ್ ಗೋಡೆ ಕಟ್ಟಿದಾರಲ್ಲೇ!" ಹತ್ತು ನಿಮಿಷ ಅಲ್ಲೇ ನಿಂತಳು. ನಾವು ಮೂರೂ ಜನ ಅವಳಿಗಾಗಿ ಕಾದೆವು. ನಮ್ಮ ಕುಟುಂಬ ಅಮ್ಮನಿಗಾಗಿ ಕಾದು ಎಷ್ಟು ವರ್ಷ ಆಗಿತ್ತೋ.

ಕಿಲಿಮಂಜಾರೊ ಸಫಾರಿಗೆ ಸ್ಕೂಟರ್ ಸಮೇತ ಹೋಗುವಂತಿಲ್ಲ. ಅಲ್ಲೇ ಕೊಟ್ಟ ವೀಲ್‌ಚೇರಿಗೆ ಬದಲಾಯಿಸಿಕೊಂಡು ಅದರಲ್ಲೇ ಗಾಡಿ ಹತ್ತಿದಳು. ಜಿರಾಫೆ ಗಾಡಿಯ ಪಕ್ಕದಲ್ಲೇ ನಿಂತಾಗ ಅಜ್ಜಿ ಮೊಮ್ಮಗ ಇಬ್ಬರ ಬಾಯಿಯೂ ಒಂದೇ ಥರ ತೆರೆದುಕೊಂಡಿತ್ತು.

ನೀವು ಕರೆದುಕೊಂಡು ಹೋಗುವುದಾದರೆ

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಬಹಳ ಜನ ಇದ್ದೀರಿ. ನಾವು ಎಡವಿ ಕಲಿತದ್ದು ಇಷ್ಟು.

ಪಾರ್ಕಿನೊಳಗೆ ಸ್ಕೂಟರನ್ನು ಮೊದಲೇ ಕಾದಿರಿಸಲು ಆಗುವುದಿಲ್ಲ, ಮೊದಲು ಬಂದವರಿಗೆ ಮೊದಲು. ಬೆಳಗ್ಗೆ ಬೇಗ ಹೋಗಿ. ಅದನ್ನು ಪಾರ್ಕಿನಿಂದ ಹೊರಗೆ ಒಯ್ಯುವಂತಿಲ್ಲ. ಹೋಟೆಲಿಗೇ ತಂದುಕೊಡುವ ಬಾಡಿಗೆ ಕಂಪನಿಗಳು ಒರ್ಲಾಂಡೊದಲ್ಲಿವೆ. ಡಿಸ್ನಿ ಬಸ್ಸುಗಳಲ್ಲಿ ರ‍್ಯಾಂಪ್ ಇರುವುದರಿಂದ ಆ ಸ್ಕೂಟರಿನಲ್ಲೇ ಬಸ್ಸು ಹತ್ತಬಹುದು.

ಬಾಡಿಗೆ ಕೌಂಟರ್ ಇರುವುದು ಗೇಟಿನ ಹತ್ತಿರ, ಆದರೆ ದೊಡ್ಡ ನಡಿಗೆ ಇರುವುದು ಗೇಟಿಗಿಂತ ಮುಂಚೆ. ಆ ದಾರಿಗೆ ಒಂದು ಮಡಚುವ ಕುರ್ಚಿ ಕಾರಿನಲ್ಲಿರಲಿ.

ಸ್ಕೂಟರ್ ಓಡಿಸುವವರಿಗೆ 18 ತುಂಬಿರಬೇಕು, ಕೂರುವುದು ಒಬ್ಬರೇ. ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಆಸೆಗೆ ಅವಕಾಶವಿಲ್ಲ.

ಕುರ್ಚಿ ಇದ್ದರೆ ಕ್ಯೂ ಇಲ್ಲ ಅನ್ನುವುದು ಭ್ರಮೆ. ಹೆಚ್ಚಿನ ಕಡೆ ಕ್ಯೂ ದಾರಿಯೇ ಚಕ್ರ ಹೋಗುವಷ್ಟು ಅಗಲ ಇರುತ್ತದೆ, ಎಲ್ಲರ ಜೊತೆಗೇ ಕಾಯಬೇಕು.

ಪ್ರತಿ ರೈಡಿಗೂ ನಿಯಮ ಬೇರೆ. ಕೆಲವಕ್ಕೆ ಕುರ್ಚಿಯಲ್ಲೇ ಕೂತು ಹೋಗಬಹುದು, ಕೆಲವಕ್ಕೆ ಎದ್ದು ರೈಡಿನ ಸೀಟಿಗೆ ದಾಟಬೇಕು. 'ಪೀಟರ್ ಪ್ಯಾನ್ಸ್ ಫ್ಲೈಟ್'ನಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆದೇ ಹತ್ತಬೇಕು. ಅಮ್ಮ ಅದನ್ನು ಬಿಟ್ಟಳು. ಇದನ್ನೆಲ್ಲ ತಿಳಿಸುವ ಕೈಪಿಡಿ ಇದೆ, ಹಿಂದಿನ ರಾತ್ರಿಯೇ ಅವರ ಜೊತೆ ಕೂತು ನೋಡಿ. ಎಲ್ಲಿಗೆ ಹೋಗಬೇಕು ಅಂತ ಅವರೇ ಆರಿಸಲಿ.

ಜನಜಂಗುಳಿಯಲ್ಲಿ ಸ್ಕೂಟರಿಗೆ ಮೊಬೈಲ್ ನೋಡುತ್ತಾ ಅಡ್ಡ ಬರುವವರೇ ದೊಡ್ಡ ಕಾಟ. ಒಬ್ಬರು ಎರಡು ಹೆಜ್ಜೆ ಮುಂದೆ ನಡೆಯಿರಿ. ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯ ಹಳಿಗಳಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳಬಹುದು, ಅಡ್ಡಡ್ಡ ನೇರವಾಗಿ ದಾಟಿಸಿ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಮಳೆ ಮಾಮೂಲು, ಹ್ಯಾಂಡಲ್ ಮುಚ್ಚಲು ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ನಿಲ್ಲಿಸಿದ ಕಡೆ ಒಂದೇ ಥರದ ಹತ್ತಾರು ಸ್ಕೂಟರ್ ಇರುತ್ತವೆ, ಗುರುತಿಗೆ ಕರ್ಚೀಫು ಕಟ್ಟಿ. ಜೊತೆಯವರೂ ಒಳಗೆ ಬಂದು ನೆರವಾಗಬಹುದಾದ ಶೌಚಾಲಯಗಳು ಎಲ್ಲ ಪಾರ್ಕಿನಲ್ಲೂ ಇವೆ, ಮ್ಯಾಪಿನಲ್ಲಿ ಗುರುತು ಮಾಡಿಕೊಳ್ಳಿ.

ಮೂರನೇ ದಿನ: ಬ್ಯಾಗು ನನ್ನ ತೊಡೆ ಮೇಲೆ

ಎಪ್ಕಾಟ್ ಪಾರ್ಕಿನಲ್ಲಿ ಒಂದು ಕೆರೆಯ ಸುತ್ತ ಹನ್ನೊಂದು ದೇಶಗಳ ಅಂಗಳಗಳಿವೆ. ಒಂದು ಸುತ್ತು ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಮೆಕ್ಸಿಕೊದಿಂದ ಹೊರಟೆವು. ಜರ್ಮನಿಯ ಹತ್ತಿರ ಪುಟಾಣಿ ಊರಿನ ನಡುವೆ ಪುಟಾಣಿ ರೈಲು ಓಡುತ್ತಿತ್ತು. ಮಗನ ಜೊತೆ ಅಮ್ಮನೂ ಅಲ್ಲಿಂದ ಕದಲಲಿಲ್ಲ.

ಅಲ್ಲಿ ಕೂತು ಯೋಚಿಸಿದೆ. ಇಲ್ಲಿನ ರ‍್ಯಾಂಪುಗಳ ಹಿಂದೆ 1990ರ ಒಂದು ಕಾನೂನಿದೆ. ನಮ್ಮಲ್ಲೂ 2016ರಿಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಮೈಸೂರು ಮೃಗಾಲಯದಲ್ಲಿ ಬ್ಯಾಟರಿ ಗಾಡಿಯೂ ಇದೆ. ಆದರೆ ಆ ಗಾಡಿಯ ಬಗ್ಗೆ ಕೂಡ ನಾನು ಯಾವತ್ತೂ ವಿಚಾರಿಸಿರಲಿಲ್ಲ. ಮೆಟ್ಟಿಲಿನ ತಪ್ಪು ಮೆಟ್ಟಿಲಿಗೆ ಇರಲಿ. "ಕೂತಿರ್ತೀನಿ" ಅಂದಾಗಲೆಲ್ಲ "ಸರಿ" ಅಂದದ್ದು ನಾನು.

ಸಂಜೆ ಹೊತ್ತಿಗೆ ಕೆನಡಾ ಮುಟ್ಟಿದಾಗ ನನ್ನ ಕಾಲು ಬೊಬ್ಬೆ ಬಂದಿತ್ತು. ಗಂಡ ಬೆಂಚಿನ ಮೇಲೆ ಕುಸಿದಿದ್ದರು. ಅಮ್ಮ ಮಾತ್ರ ಹುಷಾರಾಗಿದ್ದಳು. ಬುಟ್ಟಿಯಲ್ಲಿದ್ದ ಬ್ಯಾಗು, ನೀರಿನ ಬಾಟಲಿ, ಮಗನ ಜಾಕೆಟ್ ಎಲ್ಲ ತೆಗೆದು ನನ್ನ ತೊಡೆ ಮೇಲಿಟ್ಟಳು.

"ಆ ರೈಲು ಇನ್ನೊಂದ್ ಸಲ ನೋಡ್ಬೇಕಂತೆ ಮಗೂಗೆ. ನೀವಿಬ್ರೂ ಇಲ್ಲೇ ಕೂತಿರಿ, ನಾವು ಹೋಗಿ ಬರ್ತೀವಿ."

ಮಗ ಪಕ್ಕದಲ್ಲಿ ಓಡುತ್ತಾ ಹೊರಟ. ಹಸಿರು ಸೀರೆ ಜನರ ಮಧ್ಯೆ ತುಂಬಾ ದೂರದವರೆಗೂ ಕಾಣುತ್ತಿತ್ತು. ಮುಕ್ಕಾಲು ಗಂಟೆ ಬಿಟ್ಟು ಬಂದರು. ನಾನು ಬ್ಯಾಗು ಹಿಡಿದುಕೊಂಡೇ ಕೇಳಿದೆ, "ರೈಲು ಚೆನ್ನಾಗಿತ್ತಾಮ್ಮ?"