ಚರ್ಮಕೀಲದ ವಿಚಾರ

ಶರೀರದ ಕೆಲವು ಭಾಗಗಳ ಹೆಸರನ್ನೆತ್ತುವುದೇ ಅಸಭ್ಯವೆಂದು ಬಗೆಯುವ ಗೃಹಸ್ಥರು ನಮ್ಮಲ್ಲಿ ಬಹು ಮಂದಿ. ಹೆಸರನ್ನೆತ್ತದ ಮಾತ್ರಕ್ಕೆ ಆ ಭಾಗಗಳಿಗೆ ಬಾಧೆ ತಪ್ಪುವುದಿಲ್ಲವಷ್ಟೆ. ಆದುದರಿಂದ ಗುದದ್ವಾರದ ಅಂಚಿನಲ್ಲಿ ಜೋತುಬೀಳುವ ಚರ್ಮದ ತುಣುಕನ್ನು ಕುರಿತು ನಾಲ್ಕು ಮಾತು ಬರೆಯಲು ಉದ್ಯುಕ್ತರಾಗಿದ್ದೇವೆ. ವಾಚಕರು ಮನ್ನಿಸಬೇಕು.

ಚಂದಗುಳಿಯ ಗಣಪತಿಗೆ ಗಂಟೆಯ ಹರಕೆ ಪ್ರಸಿದ್ಧವಾದುದು. ನಮ್ಮ ಬಂಧುಗಳಾದ ಅಡಿಕೆ ತೋಟದ ಗೃಹಸ್ಥರೊಬ್ಬರು ಅಲ್ಲಿ ಗಂಟೆಯ ಹರಕೆ ಹೊತ್ತದ್ದು ನಮಗೆ ತಿಳಿದಿತ್ತು, ಏತಕ್ಕೆಂಬುದು ತಿಳಿದಿರಲಿಲ್ಲ. ಒಂದು ಸಂಜೆ ಅವರೇ ನಮ್ಮ ಜಗಲಿಯಲ್ಲಿ ಕುಳಿತು, ಸುತ್ತಲೂ ನೋಡಿ, “ಭಾವಾ, ನಿಮ್ಮ ಸುಶ್ರುತದಲ್ಲಿ ಇದಕ್ಕೇನಾದರೂ ಉಂಟೋ?” ಎಂದು ಮೆಲ್ಲಗೆ ಕೇಳಿದರು. ಎರಡು ವರ್ಷಗಳ ಹಿಂದೆ ಅಲ್ಲೊಂದು ಬಾವು ಎದ್ದು, ಎಂಟು ದಿನ ನೋಯಿಸಿ ಇಳಿದುಹೋಗಿತ್ತಂತೆ; ಇಳಿದ ಮೇಲೆ ಚರ್ಮದ ತುಣುಕೊಂದು ಉಳಿಯಿತು. ಅದು ಅರ್ಬುದವೇ, ಜನರು ಕ್ಯಾನ್ಸರ್ ಎನ್ನುವುದೇ, ಸರಿಯೆಂದು ನಿಶ್ಚಯಿಸಿ, ಶೌಚಕ್ಕೆ ಹೋಗಬೇಕಾದೀತೆಂದು ಊಟವನ್ನೇ ಅರ್ಧ ಮಾಡಿದ್ದರು. ಮದುವೆ ಮುಂಜಿಗಳಿಗೂ ಹೋಗುತ್ತಿರಲಿಲ್ಲ. ಹೆಂಡತಿಗೆ ಸಹ ಹೇಳಿರಲಿಲ್ಲ! ಕುದುರೆಯ ಕೂದಲಿನಿಂದ ಬಿಗಿದು ಉದುರಿಸಿಕೊಳ್ಳುವ ಆಲೋಚನೆಯೂ ಇತ್ತಂತೆ. ಇದನ್ನು ಕೇಳಿ ನಮಗೆ ಮೈ ಜುಮ್ಮೆಂದಿತು; ಮನೆಯಲ್ಲಿ ಹೀಗೆ ಬಿಗಿದರೂ, ಸುಣ್ಣ ಹಚ್ಚಿ ಸುಟ್ಟರೂ ಕೀವುಗಟ್ಟುವ ಭಯವುಂಟು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಶಸ್ಸನ್ನು, ಎಂದರೆ ಮೂಲವ್ಯಾಧಿಯನ್ನು, ಹೇಳುವಲ್ಲಿಯೇ ಚರ್ಮಕೀಲವೆಂಬ ಮಾತು ಬರುತ್ತದೆ. ಅಲ್ಲಿ ಹೇಳಿದ್ದು ಗೂಟದಂತೆ ಗಟ್ಟಿಯಾಗಿ ನಿಲ್ಲುವಂಥದು, ಭಾವನವರದು ಮೃದುವಾದುದು. ಆದುದರಿಂದ ಹೆಸರನ್ನು ಮಾತ್ರ ಅಲ್ಲಿಂದ ಕಡ ತಂದಿದ್ದೇವೆ. ಅವರನ್ನು ಶಿರಸಿಯ ಶಸ್ತ್ರವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಎರಡು ವರ್ಷದ ಭಯ ಐದು ನಿಮಿಷದ ಪರೀಕ್ಷೆಯಲ್ಲಿ ತೀರಿತು.

ವೈದ್ಯರು ಹೇಳಿದ್ದಿಷ್ಟು. ಮುಕ್ಕಿದಾಗ ಗುದದ ಅಂಚಿನ ರಕ್ತನಾಳ ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಿ, ಮೇಲಣ ಚರ್ಮ ಹಿಗ್ಗುತ್ತದೆ. ಬಾವು ಇಳಿದರೂ ಹಿಗ್ಗಿದ ಚರ್ಮ ಮರಳಿ ಕುಗ್ಗುವುದಿಲ್ಲ. ಗುದದಲ್ಲಿ ಬಿರುಕು ಬಿಟ್ಟು ಬಹುಕಾಲ ಮಾಯದಿದ್ದರೂ, ಸ್ತ್ರೀಯರಿಗೆ ಬಸಿರು ಬಾಣಂತನಗಳ ತರುವಾಯವೂ ಇದು ಉಳಿಯುವುದುಂಟು. ಅರ್ಬುದವಲ್ಲ, ಅಂಟುರೋಗವಲ್ಲ. ಯಾವ ಮುಲಾಮೂ ಇದನ್ನು ಕರಗಿಸಲಾರದು. ಕರಗಿಸಬೇಕಾದ ಅಗತ್ಯವೂ ಇಲ್ಲ. ಶುಚಿಗೆ ತೊಡಕಾದರೆ ಅಥವಾ ಬಹಳ ಕಡಿತವಾದರೆ, ಆ ಸ್ಥಳವನ್ನಷ್ಟೇ ಜೋಮುಗೊಳಿಸಿ ಕತ್ತರಿಸಿ ತೆಗೆಯುವರು. ಗಾಯ ಮಾಯಲು ಕೆಲವು ವಾರಗಳು ಬೇಕು. ಭಾವನವರು ಬೇಡವೆಂದರು.

ತಣ್ಣೀರಿನಿಂದಲೋ ಉಗುರುಬೆಚ್ಚನೆಯ ನೀರಿನಿಂದಲೋ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರಸತಕ್ಕದ್ದು, ಸಾಬೂನು ಬೇಡ. ಮಲ ಗಟ್ಟಿಯಾಗದಂತೆ ಬಸಳೆ, ಹರಿವೆ, ಬಾಳೆದಿಂಡು, ಧಾರಾಳ ನೀರು ಇವು ಸಾಕು. ಅರ್ಶಸ್ಸಿನವರಿಗೆ ಚರಕರು ಮಜ್ಜಿಗೆಯನ್ನು ಬಹುವಾಗಿ ಹೊಗಳಿದ್ದಾರೆ. ನಮ್ಮ ಕಡೆಯ ತಂಬುಳಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ? ಈಗಿನ ಹುಡುಗರು ಮೊಬೈಲು ಹಿಡಿದು ಶೌಚಗೃಹದಲ್ಲಿ ಅರ್ಧ ಗಂಟೆ ಕೂರುವುದು ಮಾತ್ರ ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಇನ್ನೊಂದು ಮಾತು. ತುಣುಕು ಗಟ್ಟಿಯಾದರೆ, ಬೆಳೆಯುತ್ತ ಹೋದರೆ, ಹುಣ್ಣಾದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಮಲದೊಡನೆ ರಕ್ತ ಬಿದ್ದರೂ ಅಷ್ಟೆ; ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರಬಾರದು. ದೊಡ್ಡ ಕರುಳಿನ ಅರ್ಬುದವೂ ಕೆಲವೊಮ್ಮೆ ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತದೆ.